ಬೇಸ್‌ನಲ್ಲೇ ಸ್ಪೀಕರ್ ಇರುವ ಕಾರ್ಡ್‌ಲೆಸ್ ಫೋನ್: ಮಾತು ತುಂಡಾಗುವುದೇಕೆ, ಬಳಸುವುದು ಹೇಗೆ?

ಸಾಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಅತ್ತೆ, ಮಾವ ಇಬ್ಬರೇ ಇರುತ್ತಾರೆ. ಅಲ್ಲಿ ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುವುದರಿಂದ, ಫೈಬರ್ ಇಂಟರ್‌ನೆಟ್ ಜೊತೆಗೆ ಬಂದಿರುವ ಲ್ಯಾಂಡ್‌ಲೈನೇ ಅವರಿಗೆ ಇಂದಿಗೂ ಆಧಾರ. ಅತ್ತೆಯವರಿಗೆ ಮಂಡಿನೋವು, ಫೋನ್ ಬಡಿದುಕೊಂಡಾಗ ಎದ್ದು ಓಡುವುದು ಕಷ್ಟ. ಮಾವನವರು ಶ್ರವಣ ಸಾಧನ ಬಳಸುತ್ತಾರೆ. ಇವೆರಡನ್ನೂ ಯೋಚಿಸಿ, ನಂಬರ್ ಒತ್ತುವ ಗುಂಡಿಗಳು, ಸ್ಪೀಕರ್, ಮೈಕ್ ಎಲ್ಲವೂ ಬೇಸ್‌ನಲ್ಲಿಯೇ, ಅಂದರೆ ಲೈನಿನ ತಂತಿ ಜೋಡಿಸುವ ಮುಖ್ಯ ಪೆಟ್ಟಿಗೆಯಲ್ಲಿಯೇ ಇರುವ, ಜೊತೆಗೆ ಎರಡು ಹ್ಯಾಂಡ್‌ಸೆಟ್ ಬರುವ ಕಾರ್ಡ್‌ಲೆಸ್ ಫೋನ್ ಕೊಂಡು ಬೇಸನ್ನು ಜಗಲಿಯ ಗೋಡೆಗೂಡಿನಲ್ಲಿ ಇರಿಸಿದ್ದೇವೆ. ಒಂದು ಹ್ಯಾಂಡ್‌ಸೆಟ್ ಅಡುಗೆಮನೆಯಲ್ಲಿದೆ, ಇನ್ನೊಂದು ಮಲಗುವ ಕೋಣೆಯಲ್ಲಿದೆ.

ಅವರು ಬೇಸ್‌ನ ಸ್ಪೀಕರ್‌ನಲ್ಲಿ ಮಾತಾಡುವಾಗ ಬೆಂಗಳೂರಿನಲ್ಲಿರುವ ನಮಗೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಪ್ರತಿ ವಾಕ್ಯದ ಮೊದಲ ಪದ ನುಂಗಿ ಹೋಗುತ್ತದೆ, ನಾವು ನಡುವೆ "ಹ್ಞೂಂ" ಎಂದರೂ ಅವರ ದನಿ ನಿಂತೇ ಹೋಗುತ್ತದೆ. ರಿಪೇರಿಯವರು ನೋಡಿ, ಬೇಸ್‌ನ ಬೋರ್ಡು ಕೆಟ್ಟಿದೆ, ಹೊಸ ಸೆಟ್ಟೇ ತೆಗೆದುಕೊಳ್ಳಬೇಕು ಎಂದಿದ್ದಾರೆ. ಇದಲ್ಲದೆ ಮಿಸ್ಡ್ ಕಾಲ್ ಪಟ್ಟಿಯಲ್ಲಿರುವ ನಮ್ಮ ನಂಬರ್ ಮೇಲೆ ನಿಂತು ಕರೆಗುಂಡಿ ಒತ್ತಿದರೆ ಕರೆ ಹೋಗುವುದೇ ಇಲ್ಲ, ಬೇರೇನೋ ಧ್ವನಿಮುದ್ರಿತ ಸಂದೇಶ ಬರುತ್ತದೆ. ಕರೆಂಟು ಹೋದರೆ ಫೋನೂ ಸತ್ತಂತೆಯೇ. ಜೊತೆಗೆ ಬಂದ ಪುಸ್ತಿಕೆಯ ಅಕ್ಷರಗಳು ಎಷ್ಟು ಸಣ್ಣವೆಂದರೆ ಅದನ್ನು ಓದುವ ಭಾಗ್ಯ ಅತ್ತೆಯವರಿಗಿಲ್ಲ. ಬೇಸ್‌ನಲ್ಲಿ ಬಂದ ಕರೆಯನ್ನು ಒಳಗಿನ ಹ್ಯಾಂಡ್‌ಸೆಟ್ಟಿಗೆ ಹೇಗೆ ದಾಟಿಸುವುದೆಂದು ಬಲ್ಲವರು ಸರಳವಾಗಿ ತಿಳಿಸಿದರೆ ನಾನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ.

ಮೈಸೂರಿನ ಮೇಷ್ಟ್ರು:

ಸೊಸೆಯವರೇ, ಹೊಸ ಸೆಟ್ಟಿಗೆ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಅತ್ತೆಯವರು ಅದೇ ಜಾಗದಲ್ಲಿ ಕುಳಿತು ಹ್ಯಾಂಡ್‌ಸೆಟ್ಟನ್ನು ಕಿವಿಗಿಟ್ಟು ಮಾತಾಡಲಿ. ಆಗ ದನಿ ಸ್ಪಷ್ಟವಾಗಿ, ತುಂಡಾಗದೆ ಕೇಳಿಸಿದರೆ ಲೈನೂ ಸರಿಯಿದೆ, ಬೇಸ್‌ನ ಒಳಗಿನ ಬಹುಪಾಲು ಅಂಗಗಳೂ ಸರಿಯಿವೆ ಎಂದು ತಿಳಿಯಬಹುದು, ಏಕೆಂದರೆ ಹ್ಯಾಂಡ್‌ಸೆಟ್ಟಿನ ಮಾತು ಕೂಡ ರೇಡಿಯೊ ಮೂಲಕ ಬೇಸ್ ತಲುಪಿ, ಅಲ್ಲಿಂದಲೇ ತಂತಿಗೆ ಹೋಗುತ್ತದೆ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ನನಗೆ ಇದು ಕೆಟ್ಟ ಬೋರ್ಡಿನಂತೆ ಕಾಣುವುದಿಲ್ಲ. ಮನೆಬಳಕೆಯ ಸ್ಪೀಕರ್ ಫೋನ್ ಕೆಲಸ ಮಾಡುವ ಬಗೆಯೇ ಹಾಗೆ.

ಬೇಸ್‌ನಲ್ಲಿ ಸ್ಪೀಕರ್ ಮತ್ತು ಮೈಕ್ ಒಂದೇ ಡಬ್ಬಿಯಲ್ಲಿ, ಗೇಣುದ್ದದ ಅಂತರದಲ್ಲಿ ಇರುತ್ತವೆ. ಎರಡನ್ನೂ ಪೂರ್ತಿ ತೆರೆದಿಟ್ಟರೆ ನಿಮ್ಮ ದನಿ ಅಲ್ಲಿಯ ಸ್ಪೀಕರ್‌ನಿಂದ ಹೊರಟು ಅಲ್ಲಿಯ ಮೈಕಿಗೆ ಹೊಕ್ಕು ಮರಳಿ ನಿಮಗೇ ಕೇಳಿಸುತ್ತದೆ. ಅದು ಇನ್ನಷ್ಟು ಹೆಚ್ಚಿದರೆ ಸಭಾಭವನದ ಮೈಕಿನಂತೆ ಕೀಚಲು ಶಬ್ದ ಹೊರಡುತ್ತದೆ. ಇದನ್ನು ತಪ್ಪಿಸಲು ಅಗ್ಗದ ಸೆಟ್‌ಗಳಲ್ಲಿ ಒಂದು ಉಪಾಯವಿದೆ. ಸದ್ಯಕ್ಕೆ ಯಾವ ಕಡೆಯ ದನಿ ಜೋರಾಗಿದೆ ಎಂದು ಒಳಗಿನ ಸರ್ಕಿಟ್ ಗಮನಿಸುತ್ತಿರುತ್ತದೆ. ಆ ಕಡೆಗೆ ದಾರಿ ಬಿಟ್ಟು ಇನ್ನೊಂದು ಕಡೆಯನ್ನು ತಗ್ಗಿಸುತ್ತದೆ. ಅಂದರೆ ಒಮ್ಮೆಗೆ ಒಬ್ಬರ ಮಾತು ಮಾತ್ರ ಸಾಗುತ್ತದೆ. ದಾರಿ ಬದಲಾಯಿಸಲು ಕ್ಷಣಮಾತ್ರದ ಸಮಯ ಹಿಡಿಯುವುದರಿಂದ ವಾಕ್ಯದ ಮೊದಲ ಪದ ನಿಮಗೆ ತಲುಪುವುದಿಲ್ಲ. ದೊಡ್ಡ ಕಚೇರಿಗಳ ಸಭಾಕೊಠಡಿಯಲ್ಲಿಡುವ ಫೋನುಗಳಲ್ಲಿ ಪ್ರತಿಧ್ವನಿಯನ್ನು ಲೆಕ್ಕ ಹಾಕಿ ಕಳೆಯುವ ವ್ಯವಸ್ಥೆ ಇರುವುದರಿಂದ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಅವುಗಳ ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಇದರಿಂದ ಒಂದು ವಿಚಿತ್ರ ಪರಿಣಾಮ ಹುಟ್ಟುತ್ತದೆ. "ನಿಮ್ಮ ಮಾತು ಕೇಳಿಸುತ್ತಿಲ್ಲ" ಎಂದು ನೀವು ಹೇಳಿದೊಡನೆ ಅಲ್ಲಿಯವರು ಸಹಜವಾಗಿ ಸ್ಪೀಕರ್‌ನ ದನಿಯನ್ನು ಏರಿಸುತ್ತಾರೆ. ಹಾಗೆ ಏರಿಸಿದಷ್ಟೂ ನಿಮ್ಮ ದನಿಯೇ ಅಲ್ಲಿಯ ಮೈಕಿಗೆ ಹೆಚ್ಚು ಹೊಕ್ಕು, ಸರ್ಕಿಟ್ ಅವರ ಮಾತನ್ನು ಇನ್ನಷ್ಟು ತಗ್ಗಿಸುತ್ತದೆ. ಆದ್ದರಿಂದ ನಿಮಗೆ ಅವರ ಮಾತು ಕೇಳಿಸದಿದ್ದರೆ ಅವರು ಮಾಡಬೇಕಾದದ್ದು ಸ್ಪೀಕರ್‌ನ ದನಿಯನ್ನು ಇಳಿಸುವುದು. ಕೇಳಲು ಅಸಂಬದ್ಧವೆನಿಸಿದರೂ ಹಲವು ಕಂಪನಿಗಳ ಪುಸ್ತಿಕೆಗಳಲ್ಲೇ ಈ ಸಲಹೆ ಸಣ್ಣಕ್ಷರದಲ್ಲಿ ಅಡಗಿರುತ್ತದೆ.

ಇನ್ನು ಗೋಡೆಗೂಡು. ಮೂರೂ ಕಡೆ ಗೋಡೆಯಿರುವ ಗೂಡಿನೊಳಗೆ ಸ್ಪೀಕರ್‌ನ ಶಬ್ದ ಹೊರಗೆ ಹರಡುವ ಬದಲು ಸುತ್ತಲೂ ಬಡಿದು ನೇರವಾಗಿ ಮೈಕಿಗೆ ಮರಳುತ್ತದೆ. ಬೇಸನ್ನು ಅಲ್ಲಿಂದ ತೆಗೆದು, ಗೋಡೆಯಿಂದ ತುಸು ದೂರದಲ್ಲಿ, ಬಯಲಾದ ಮೇಜಿನ ಮೇಲೆ ಇರಿಸಿ. ಕೆಳಗೆ ಒಂದು ದಪ್ಪ ಬಟ್ಟೆ ಹಾಸಿದರೆ ಒಳ್ಳೆಯದು. ಮೈಕಿನ ರಂಧ್ರ ಎಲ್ಲಿದೆಯೆಂದು ಹುಡುಕಿ ನೋಡಿ. ಸಾಮಾನ್ಯವಾಗಿ ಅದು ಮುಂಭಾಗದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣದಾಗಿ ಇರುತ್ತದೆ. ನಮ್ಮ ಮನೆಗಳಲ್ಲಿ ಫೋನಿಗೆ ಕ್ರೋಶಾ ಬಟ್ಟೆ ಹೊದಿಸುವ ಪದ್ಧತಿಯಿದೆಯಲ್ಲ, ಆ ಬಟ್ಟೆಯ ಅಂಚು ಸರಿಯಾಗಿ ಆ ರಂಧ್ರದ ಮೇಲೇ ಬಂದು ಕೂತಿರುತ್ತದೆ.

ಸಾಗರದ ಸೊಸೆ:

ಮೇಷ್ಟ್ರೇ, ಬಹಳ ಉಪಕಾರವಾಯಿತು. ಹ್ಯಾಂಡ್‌ಸೆಟ್ಟಿನಲ್ಲಿ ಮಾತಾಡಿಸಿ ನೋಡಿದೆ, ದನಿ ಗಂಟೆ ಬಾರಿಸಿದಂತೆ ಸ್ಪಷ್ಟವಾಗಿದೆ. ಕ್ರೋಶಾ ಬಟ್ಟೆಯ ವಿಷಯವೂ ನಿಜ. ಅದನ್ನು ಹೆಣೆದವರು ಅತ್ತೆಯವರೇ ಆದ್ದರಿಂದ ತೆಗೆಸುವ ಮಾತನ್ನು ಮಾವನವರ ಮೂಲಕ ಆಡಿಸಬೇಕಾಗುತ್ತದೆ. ಬೇಸನ್ನು ಮೇಜಿನ ಮೇಲಿಟ್ಟ ಮೇಲೆ ಸಾಕಷ್ಟು ಸುಧಾರಿಸಿದೆ. ಆದರೆ ನನಗೊಂದು ಸಂಶಯ ಉಳಿದಿದೆ. ಸಂಜೆ ನಾನು ಕಚೇರಿಯಿಂದ ಬರುವಾಗ ಬಸ್ಸಿನಿಂದ ಕರೆ ಮಾಡಿದರೆ ಅವರ ಮಾತು ಹೆಚ್ಚು ತುಂಡಾಗುತ್ತದೆ, ರಾತ್ರಿ ಮನೆಯಿಂದ ಮಾಡಿದರೆ ಕಡಿಮೆ. ಇದು ಮೊಬೈಲ್ ನೆಟ್‌ವರ್ಕಿನ ದೋಷವೇ?

ಮೈಸೂರಿನ ಮೇಷ್ಟ್ರು:

ನೆಟ್‌ವರ್ಕಿನ ಪಾತ್ರವೂ ಇರಬಹುದು. ಆದರೆ ಮುಖ್ಯ ಕಾರಣ ನಿಮ್ಮ ಸುತ್ತಲಿನ ಗದ್ದಲವೆಂದು ನನ್ನ ಅನಿಸಿಕೆ. ಬಸ್ಸಿನ ಇಂಜಿನ್, ಹಾರ್ನ್, ಅಕ್ಕಪಕ್ಕದವರ ಮಾತು ಇವೆಲ್ಲ ನಿಮ್ಮ ಮೊಬೈಲಿನ ಮೂಲಕ ಸಾಗರದ ಬೇಸ್‌ಗೆ ತಲುಪುತ್ತವೆ. ಅಲ್ಲಿಯ ಸರ್ಕಿಟ್ಟಿಗೆ ಹಾರ್ನಿಗೂ ಸೊಸೆಯ ದನಿಗೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ನೀವು ಬಾಯಿ ಮುಚ್ಚಿಕೊಂಡಿದ್ದರೂ ನೀವೇ ಮಾತಾಡುತ್ತಿದ್ದೀರೆಂದು ತಿಳಿದು ಅತ್ತೆಯವರ ಮೈಕನ್ನು ತಗ್ಗಿಸಿಬಿಡುತ್ತದೆ. ಅವರು ಮಾತಾಡುವಷ್ಟು ಹೊತ್ತು ನಿಮ್ಮ ಮೊಬೈಲಿನಲ್ಲಿ ಮ್ಯೂಟ್ ಒತ್ತಿ ಕೇಳಿ ನೋಡಿ. ಅವರ ಮಾತು ತಕ್ಷಣ ಇಡಿಯಾಗಿ ಕೇಳಿಸಿದರೆ ಕಾರಣ ಖಚಿತವಾಯಿತು. ಜಗಲಿಯಲ್ಲಿ ಟಿವಿ ಹಾಕಿದ್ದರೆ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಟಿವಿಯ ಮಾತು ನಿಮಗೆ ಸೊಗಸಾಗಿ ಕೇಳಿಸಿ, ನಿಮ್ಮ ಮಾತು ಅವರಿಗೆ ಕೇಳಿಸದೆ ಹೋಗುತ್ತದೆ.

ನಿವೃತ್ತ ದೂರವಾಣಿ ನೌಕರ:

ಮೇಷ್ಟ್ರು ಹೇಳಿದ್ದರಲ್ಲಿ ಸೇರಿಸುವುದೇನೂ ಇಲ್ಲ. ನಾನು ಶಿವಮೊಗ್ಗ ಭಾಗದಲ್ಲಿ ದೂರವಾಣಿ ಇಲಾಖೆಯಲ್ಲಿದ್ದವನು, ಉಳಿದ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಮಿಸ್ಡ್ ಕಾಲ್ ಪಟ್ಟಿಯಿಂದ ಕರೆ ಹೋಗದಿರುವುದಕ್ಕೆ ಫೋನ್ ಕಾರಣವಲ್ಲ. 2021ರ ಜನವರಿ 15ರಿಂದ ದೇಶದಾದ್ಯಂತ ಲ್ಯಾಂಡ್‌ಲೈನಿನಿಂದ ಯಾವುದೇ ಮೊಬೈಲಿಗೆ ಕರೆ ಮಾಡಬೇಕಾದರೆ ಹತ್ತು ಅಂಕಿಗಳ ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಗಿದೆ. ಆದರೆ ನೀವು ಮೊಬೈಲಿನಿಂದ ಕರೆ ಮಾಡಿದಾಗ ಬೇಸ್‌ನ ಪರದೆಯ ಮೇಲೆ ಸಾಮಾನ್ಯವಾಗಿ ಹತ್ತು ಅಂಕಿಗಳು ಮಾತ್ರ ಮೂಡುತ್ತವೆ. ಫೋನು ಅದನ್ನು ಇದ್ದಂತೆಯೇ ಒತ್ತುತ್ತದೆ, ಆಗ ಸೊನ್ನೆ ಸೇರಿಸಿ ಎಂಬ ಸಂದೇಶ ಕೇಳಿಬರುತ್ತದೆ. ನಿಮ್ಮ ಅತ್ತೆಯವರಿಗೆ ಕೇಳಿಸುತ್ತಿರುವ ಧ್ವನಿಮುದ್ರಣ ಅದೇ ಇರಬೇಕು. ಹಲವು ಸೆಟ್‌ಗಳಲ್ಲಿ ಪಟ್ಟಿಯಲ್ಲಿರುವ ನಂಬರನ್ನು ತೆರೆದು, ಎಡಿಟ್ ಆಯ್ದು, ಮುಂದೆ ಸೊನ್ನೆ ಸೇರಿಸಿ ಕರೆ ಮಾಡಲು ಬರುತ್ತದೆ. ವಯಸ್ಸಾದವರಿಂದ ಪ್ರತಿ ಸಲ ಇದನ್ನು ಮಾಡಿಸುವುದು ಸರಿಯಲ್ಲ. ಮನೆಯವರ ನಂಬರುಗಳನ್ನೆಲ್ಲ ಸೊನ್ನೆ ಸಮೇತ ಫೋನ್‌ಬುಕ್ಕಿನಲ್ಲಿ ತುಂಬಿ, ಮುಖ್ಯವಾದವನ್ನು ಒಂದೇ ಗುಂಡಿ ಒತ್ತಿ ಹಿಡಿದರೆ ಹೋಗುವಂತೆ ಸ್ಪೀಡ್ ಡಯಲ್‌ನಲ್ಲಿ ಇರಿಸಿ. ಹಾಗೆ ತುಂಬುವಾಗ ತುರ್ತು ಸಹಾಯದ 112ನ್ನೂ ಒಂದು ಗುಂಡಿಗೆ ಕೊಡಿ, ಅದರ ಮುಂದೆ ಸೊನ್ನೆ ಹಾಕಬೇಡಿ. ಸಾಗರದ ಒಳಗಿನ ಲ್ಯಾಂಡ್‌ಲೈನ್‌ಗಳಿಗೆ ಹಿಂದಿನಂತೆ ನೇರವಾಗಿಯೇ ಒತ್ತಬಹುದು, ಬೇರೆ ಊರಿನ ಲ್ಯಾಂಡ್‌ಲೈನಿಗೆ 080, 0821 ಮುಂತಾದ ಎಸ್‌ಟಿಡಿ ಕೋಡ್ ಬೇಕು.

ಕರೆ ದಾಟಿಸುವುದು ಹೀಗೆ. ಬೇಸ್‌ನ ಸ್ಪೀಕರ್‌ನಲ್ಲಿ ಮಾತಾಡುತ್ತಿರುವಾಗ ಇಂಟರ್‌ಕಾಮ್ ಗುಂಡಿಯನ್ನು ಒತ್ತಿ, ಬೇಕಾದ ಹ್ಯಾಂಡ್‌ಸೆಟ್ಟಿನ ಸಂಖ್ಯೆಯನ್ನು ಒತ್ತಬೇಕು. ಆಗ ಹೊರಗಿನವರು ತಾವಾಗಿಯೇ ಹೋಲ್ಡ್‌ಗೆ ಹೋಗುತ್ತಾರೆ, ಒಳಗಿನ ಹ್ಯಾಂಡ್‌ಸೆಟ್ ಬೇರೊಂದು ರಾಗದಲ್ಲಿ ಬಡಿದುಕೊಳ್ಳುತ್ತದೆ. ಒಳಗಿದ್ದವರು ಎತ್ತಿದ ಮೇಲೆ "ಇಂಥವರ ಫೋನು" ಎಂದು ತಿಳಿಸಿ ಬೇಸ್‌ನ ಸ್ಪೀಕರ್ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಕರೆ ಒಳಗೆ ದಾಟುತ್ತದೆ. ಎತ್ತುವವರು ಯಾರೂ ಇಲ್ಲದಿದ್ದರೆ ಇಂಟರ್‌ಕಾಮ್ ಗುಂಡಿಯನ್ನೇ ಮತ್ತೆ ಒತ್ತಿದಾಗ ಹೊರಗಿನವರು ಮರಳಿ ಸಿಗುತ್ತಾರೆ. ಹ್ಯಾಂಡ್‌ಸೆಟ್ಟಿನಿಂದ ಬೇಸ್‌ಗೆ ದಾಟಿಸುವ ಕ್ರಮವೂ ಇದೇ, ಹಲವು ಸೆಟ್‌ಗಳಲ್ಲಿ ಬೇಸ್‌ನ ಸಂಖ್ಯೆ 0. ಗುಂಡಿಗಳ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವರು ಪೇಜ್, ಕೆಲವರು ಲೊಕೇಟರ್ ಎಂದು ಬರೆದಿರುತ್ತಾರೆ, ಕೆಲಸ ಒಂದೇ.

ಗೋಡೆಗೆ ಅಂಟಿಸುವ ಕಾಗದದಲ್ಲಿ ಹೋಲ್ಡ್ ಮತ್ತು ಮ್ಯೂಟ್ ಎರಡನ್ನೂ ಬಿಡಿಸಿ ಬರೆಯಿರಿ. ಹೋಲ್ಡ್ ಒತ್ತಿದರೆ ಎರಡೂ ಕಡೆ ಮಾತು ನಿಂತು ಕರೆ ಮಾತ್ರ ಉಳಿಯುತ್ತದೆ. ಮ್ಯೂಟ್ ಒತ್ತಿದರೆ ಹೊರಗಿನವರ ಮಾತು ನಮಗೆ ಕೇಳಿಸುತ್ತಲೇ ಇರುತ್ತದೆ, ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಸ್ಪೀಕರ್ ಬೇಸ್‌ನಲ್ಲಿ ಕೈತಪ್ಪಿ ಮ್ಯೂಟ್ ಒತ್ತಿ, "ಹಲೋ, ಹಲೋ" ಎಂದು ಕೂಗಿ, ಲೈನ್ ಕೆಟ್ಟಿದೆಯೆಂದು ದೂರು ಕೊಟ್ಟವರ ಮನೆಗಳಿಗೆ ನಮ್ಮ ಲೈನ್‌ಮನ್‌ಗಳು ಸಾಕಷ್ಟು ಸಲ ಹೋಗಿ ಬಂದಿದ್ದಾರೆ.

ಪುತ್ತೂರಿನ ತೋಟದವ:

ಕರೆಂಟು ಮತ್ತು ಸಿಡಿಲಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಎರಡಕ್ಕೂ ಕೊರತೆಯಿಲ್ಲ. ಹಳೆಯ ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ನಮ್ಮ ಫೋನಿಗೆ ಶಕ್ತಿ ಕೊಡುತ್ತಿದ್ದುದರಿಂದ ಊರಿಡೀ ಕತ್ತಲಾಗಿದ್ದರೂ ತಂತಿಯಿರುವ ಸಾಮಾನ್ಯ ಫೋನ್ ಮಾತಾಡುತ್ತಿತ್ತು. ಈಗ ಫೈಬರಿನಲ್ಲಿ ಬರುವುದು ಬೆಳಕು. ಅದನ್ನು ಫೋನಿನ ಸಂಕೇತವಾಗಿ ಬದಲಿಸುವುದು ಮನೆಯೊಳಗಿನ ಓಎನ್‌ಟಿ ಪೆಟ್ಟಿಗೆ, ಅಂದರೆ ನಾವೆಲ್ಲ ಮೋಡೆಮ್ ಎನ್ನುವುದು. ಅದಕ್ಕೆ ಕರೆಂಟಿಲ್ಲದಿದ್ದರೆ ಬೇಸ್‌ಗೆ ಕರೆಂಟಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಇನ್ವರ್ಟರ್ ಇದ್ದರೆ ಮೋಡೆಮ್, ಬೇಸ್ ಎರಡರ ಅಡಾಪ್ಟರ್‌ಗಳನ್ನೂ ಅದರ ಲೈನಿಗೇ ಹಾಕಬೇಕು. ಇನ್ವರ್ಟರಿನಲ್ಲಿ ನಡೆಯುವಾಗ ಕರೆಯಲ್ಲಿ ಗುಂಯ್ಯೆನ್ನುವ ಶಬ್ದ ಬಂದರೆ ಅದು ಹಳೆಯ ಚೌಕ ತರಂಗದ ಇನ್ವರ್ಟರ್ ಆಗಿರುವ ಸಾಧ್ಯತೆ ಹೆಚ್ಚು, ಸೈನ್ ತರಂಗದ್ದರಲ್ಲಿ ಈ ಕಾಟ ಇರುವುದಿಲ್ಲ.

ಸಿಡಿಲಿನ ಮಾತು. ತಾಮ್ರದ ಕಾಲದಲ್ಲಿ ಕಾರ್ಡ್‌ಲೆಸ್ ಬೇಸ್‌ಗಳು ಹೆಚ್ಚಾಗಿ ಸುಟ್ಟುಹೋಗಲು ಒಂದು ಕಾರಣವಿತ್ತು: ಅವುಗಳಿಗೆ ಒಂದು ಕಡೆ ವಿದ್ಯುತ್ ತಂತಿ, ಇನ್ನೊಂದು ಕಡೆ ಟೆಲಿಫೋನ್ ತಂತಿ ಜೋಡಿಸಿರುತ್ತದೆ. ಒಂದರಲ್ಲಿ ಬಂದ ಆಘಾತ ಇನ್ನೊಂದರ ಮೂಲಕ ನೆಲ ಸೇರಲು ಬೇಸ್ ಸೇತುವೆಯಾಗುತ್ತಿತ್ತು. ಫೈಬರ್ ಬಂದ ಮೇಲೆ ಟೆಲಿಫೋನ್ ತಂತಿಯಿಂದ ಬರುವ ಅಪಾಯ ಬಹಳ ಇಳಿದಿದೆ, ವಿದ್ಯುತ್ ಲೈನಿನ ಅಪಾಯ ಹಾಗೆಯೇ ಇದೆ. ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳಲ್ಲಿ ಮೋಡ ಕಟ್ಟುವಾಗಲೇ ಎರಡೂ ಅಡಾಪ್ಟರ್‌ಗಳನ್ನು ಕಿತ್ತಿಡುವುದು ನಮ್ಮ ಮನೆಯ ರೂಢಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬಾರದು.

ನಿವೃತ್ತ ದೂರವಾಣಿ ನೌಕರ:

ಪುತ್ತೂರಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ವಯಸ್ಸಾದ ಇಬ್ಬರೇ ಇರುವ, ಮೊಬೈಲ್ ಸಿಗದ ಮನೆಯಲ್ಲಿ ಗುಡುಗಿದಾಗಲೆಲ್ಲ ಇರುವ ಒಂದೇ ಫೋನನ್ನು ಕಿತ್ತಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಅಂಥ ಮನೆಗೆ ಮೋಡೆಮ್ಮಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಕೊಡಿಸಿ, ಅದನ್ನು ಚಾರ್ಜ್ ಮಾಡಿ ಗೋಡೆಯ ಪ್ಲಗ್ಗಿನಿಂದ ಬಿಡಿಸಿಟ್ಟರೂ ಕೆಲವು ಗಂಟೆ ಮೋಡೆಮ್ ನಡೆಯುತ್ತದೆ. ಬೇಸ್‌ನ ಬದಲಿಗೆ ತಂತಿಯಿರುವ ಒಂದು ಅಗ್ಗದ ಫೋನನ್ನು ಮೋಡೆಮ್ಮಿನ ಫೋನ್ ಕಿಂಡಿಗೆ ಸಿಕ್ಕಿಸಿಕೊಂಡರೆ ಅದಕ್ಕೆ ಬೇಕಾದ ಶಕ್ತಿಯನ್ನು ಮೋಡೆಮ್ಮೇ ಕೊಡುತ್ತದೆ. ಗುಡುಗು ಸಿಡಿಲಿರುವಾಗ ತಂತಿಯಿರುವ ಫೋನನ್ನು ಕಿವಿಗಿಟ್ಟು ಹರಟೆ ಹೊಡೆಯಬಾರದೆಂಬ ಎಚ್ಚರಿಕೆ ಹಳೆಯದು. ಆದ್ದರಿಂದ ಆ ಹೊತ್ತಿನಲ್ಲಿ ಇದನ್ನು ತುರ್ತಿಗೆ ಮಾತ್ರ ಬಳಸಲಿ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ಟಿಗೆ ಗೋಡೆಯ ಜೊತೆ ಸಂಬಂಧವಿಲ್ಲದ್ದರಿಂದ ಹಿಡಿದವರಿಗೆ ಆ ಭಯವಿಲ್ಲ.

ಒಂದು ಎಚ್ಚರಿಕೆ. ಮೋಡೆಮ್ಮಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದು; ಬೇಸ್‌ನದು ಅದಕ್ಕಿಂತ ಬಹಳ ಕಡಿಮೆ, ಹಲವು ಸೆಟ್‌ಗಳಲ್ಲಿ 5.5 ಅಥವಾ 6.5 ವೋಲ್ಟಿನದು. ಎರಡೂ ಕಪ್ಪಗೆ, ಒಂದೇ ಆಕಾರದಲ್ಲಿ ಇರುವುದರಿಂದ ಧೂಳು ಒರೆಸಿ ಮತ್ತೆ ಜೋಡಿಸುವಾಗ ಅದಲುಬದಲಾಗುವುದುಂಟು. ಬಣ್ಣದ ದಾರವನ್ನೋ ಪಟ್ಟಿಯನ್ನೋ ಕಟ್ಟಿ ಗುರುತು ಮಾಡಿ.

ಅಟ್ಟದ ಮೇಲೆ ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ತಯಾರಾದ ಹಳೆಯ ತಿರುಗಣೆ ಫೋನ್ ಇದ್ದರೆ ಅದನ್ನು ಇಳಿಸಿ ತರುವ ಆಸೆ ಹಲವರಿಗೆ ಬರುತ್ತದೆ. ಅದರಲ್ಲಿ ಬಂದ ಕರೆಯನ್ನು ಎತ್ತಿ ಮಾತಾಡಬಹುದೇನೋ. ಆದರೆ ನಂಬರ್ ತಿರುಗಿಸಿ ಕರೆ ಮಾಡುವುದು ಬಹಳಷ್ಟು ಮೋಡೆಮ್‌ಗಳಲ್ಲಿ ಸಾಧ್ಯವಾಗುವುದಿಲ್ಲ, ಅವು ಗುಂಡಿಯ ಸ್ವರಗಳನ್ನು ಮಾತ್ರ ಗುರುತಿಸುತ್ತವೆ. ನಿಮ್ಮ ಹೊಸ ಸೆಟ್ಟಿನಲ್ಲಿಯೂ ಡಯಲ್ ಮಾಡುವ ಬಗೆ ಪಲ್ಸ್ ಎಂದಿದ್ದರೆ ಟೋನ್‌ಗೆ ಬದಲಿಸಿ.

ನ್ಯೂಜೆರ್ಸಿಯ ಕನ್ನಡಿಗ:

ಚರ್ಚೆ ಓದುತ್ತಿದ್ದೇನೆ. ಇಲ್ಲಿ ಡೆಕ್ಟ್ 6.0 ಎಂಬ ಬಗೆಯ, ಬೇಸ್‌ನಲ್ಲಿ ದೊಡ್ಡ ಗುಂಡಿಗಳಿರುವ ಒಳ್ಳೆಯ ಸೆಟ್‌ಗಳು ಸಿಗುತ್ತವೆ, ಸ್ಪೀಕರ್‌ನ ದನಿಯೂ ಚೆನ್ನಾಗಿದೆ. ಮುಂದಿನ ಸಲ ಊರಿಗೆ ಬರುವಾಗ ದಾವಣಗೆರೆಯಲ್ಲಿರುವ ನಮ್ಮ ತಂದೆತಾಯಿಗೆ ಒಂದನ್ನು ತರಬೇಕೆಂದಿದ್ದೇನೆ. ಅಲ್ಲಿ ಏನಾದರೂ ತೊಡಕಾಗಬಹುದೇ?

ಮೈಸೂರಿನ ಮೇಷ್ಟ್ರು:

ದಯವಿಟ್ಟು ತರಬೇಡಿ. ಅಮೆರಿಕದ ಡೆಕ್ಟ್ 6.0 ಸೆಟ್‌ಗಳು 1920ರಿಂದ 1930 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ನಮ್ಮ ದೇಶದಲ್ಲಿ 2100 ಮೆಗಾಹರ್ಟ್ಸ್ ಪಟ್ಟಿಯ ಮೊಬೈಲ್ ಸೇವೆಯಲ್ಲಿ ಫೋನಿನಿಂದ ಟವರಿಗೆ ಹೋಗುವ ಸಂಕೇತಗಳು ಆರಂಭವಾಗುವುದೇ 1920 ಮೆಗಾಹರ್ಟ್ಸ್‌ನಿಂದ. ಅಂದರೆ ನಿಮ್ಮ ಮನೆಯ ಬೇಸ್ ದಿನವಿಡೀ ಹತ್ತಿರದ ಟವರಿನ ಕಿವಿಯಲ್ಲಿ ಕೂಗುತ್ತಿರುತ್ತದೆ, ಅಕ್ಕಪಕ್ಕದ ಮೊಬೈಲುಗಳ ಕರೆ ಕೆಡುತ್ತದೆ. ಅಲ್ಲಿ ಕಾನೂನುಬದ್ಧವಾದ ಯಂತ್ರ ಇಲ್ಲಿ ಹಾಗಲ್ಲ.

ಇದಲ್ಲದೆ ಅಲ್ಲಿಯ ಹಲವು ಅಡಾಪ್ಟರ್‌ಗಳು 120 ವೋಲ್ಟಿಗೆ ಮಾತ್ರ ತಯಾರಾದವು, ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ಕರೆ ಮಾಡಿದವರ ನಂಬರ್ ತೋರಿಸುವ ಕ್ರಮದಲ್ಲೂ ಭೇದವಿದೆ. ಅಮೆರಿಕದಲ್ಲಿ ಮೊದಲ ಮತ್ತು ಎರಡನೆಯ ರಿಂಗಿನ ನಡುವೆ ಎಫ್‌ಎಸ್‌ಕೆ ಎಂಬ ಬಗೆಯಲ್ಲಿ ನಂಬರ್ ಬರುತ್ತದೆ. ನಮ್ಮಲ್ಲಿ ಅನೇಕ ಲೈನುಗಳಲ್ಲಿ ರಿಂಗಿಗೆ ಮುಂಚೆಯೇ ಡಿಟಿಎಂಎಫ್ ಸ್ವರಗಳಾಗಿ, ಅಂದರೆ ಗುಂಡಿ ಒತ್ತಿದಾಗ ಹೊರಡುವಂಥ ಸ್ವರಗಳಾಗಿ ಬರುತ್ತದೆ. ಭಾರತಕ್ಕೆಂದು ತಯಾರಾದ ಸೆಟ್‌ಗಳಲ್ಲಿ ಎರಡನ್ನೂ ಗುರುತಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ತಂದೆತಾಯಿಗೆ ಇಲ್ಲಿಯೇ, ಬಿಲ್ಲು ಸಮೇತ ಕೊಡಿಸಿ.

ಇಲ್ಲಿ ಸಿಗುವ ಹಲವು ಸೆಟ್‌ಗಳು 2.4 ಗಿಗಾಹರ್ಟ್ಸ್‌ನವು. ವೈಫೈ ಮತ್ತು ಮೈಕ್ರೊವೇವ್ ಒಲೆಯೂ ಅದೇ ಕೇರಿಯಲ್ಲಿ ವಾಸಿಸುವುದರಿಂದ ಬೇಸನ್ನು ಮೋಡೆಮ್ಮಿನ ಮೇಲೆಯೇ ಪೇರಿಸಿಟ್ಟರೆ ಹ್ಯಾಂಡ್‌ಸೆಟ್ಟಿನಲ್ಲಿ ಟಕಟಕ ಶಬ್ದ ಬರಬಹುದು, ಇಂಟರ್‌ನೆಟ್ಟೂ ನಿಧಾನವಾಗಬಹುದು. ತಂತಿ ಗಿಡ್ಡವಾಗಿರುವುದರಿಂದ ಎಲ್ಲರ ಮನೆಯಲ್ಲೂ ಇವೆರಡೂ ಒಂದೇ ಹಲಗೆಯ ಮೇಲೆ ಕೂತಿರುತ್ತವೆ. ಮೋಡೆಮ್ಮಿನಿಂದ ಬೇಸ್‌ಗೆ ಜೋಡಿಸುವ ಉದ್ದನೆಯ ಫೋನ್ ತಂತಿಗೆ (ಆರ್‌ಜೆ 11) ದುಬಾರಿ ಬೆಲೆಯೇನಿಲ್ಲ. ಎರಡರ ನಡುವೆ ಕೆಲವು ಮೀಟರ್ ಅಂತರ ಬಿಡಿ.

ಕಿವಿಯಂತ್ರದ ಬಳಕೆದಾರ:

ಮಾವನವರ ಕುರಿತು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಾನೂ ಕಿವಿಯ ಹಿಂದೆ ಕೂರುವ ಶ್ರವಣ ಸಾಧನ ಹಾಕುವವನು. ನಮ್ಮಂಥವರಿಗೆ ಸ್ಪೀಕರ್ ಬೇಸ್ ವರವೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ಅದು ಅರ್ಧ ಸತ್ಯ. ದೂರದಿಂದ ಬರುವ ಸ್ಪೀಕರ್‌ನ ದನಿ ಜಗಲಿಯ ಗೋಡೆ, ಹೆಂಚು, ಸಿಮೆಂಟಿನ ನೆಲಗಳಿಗೆ ಬಡಿದು ಕಲಸಿಹೋಗಿರುತ್ತದೆ. ಶಬ್ದ ಜೋರಾಗಿ ಕೇಳಿಸಿದರೂ ಪದ ಬಿಡಿಸಿ ತಿಳಿಯುವುದಿಲ್ಲ. ಆಗ ದನಿ ಏರಿಸಿದರೆ ಮೇಷ್ಟ್ರು ಹೇಳಿದಂತೆ ನಮ್ಮ ಮಾತು ಆ ಕಡೆಗೆ ಹೋಗುವುದಿಲ್ಲ. ಹೀಗೆ ಕೇಳಬೇಕಾದವನೂ ಹೇಳಬೇಕಾದವನೂ ಇಕ್ಕಟ್ಟಿಗೆ ಸಿಗುತ್ತಾರೆ. ಬೇಸ್‌ಗೆ ಎದುರಾಗಿ ಒಂದು ಮೊಳದೊಳಗೆ ಕುಳಿತು, ದನಿಯನ್ನು ಮಧ್ಯಮದಲ್ಲಿಟ್ಟು ಮಾತಾಡುವುದೇ ಸರಿಯಾದ ಉಪಾಯ.

ಹ್ಯಾಂಡ್‌ಸೆಟ್ಟನ್ನು ಕಿವಿಗೆ ಒತ್ತಿಹಿಡಿದರೆ ಸಾಧನ ಕುಂಯ್ ಎಂದು ಕೂಗುವುದು ಮಾವನವರಿಗೂ ಅನುಭವವಾಗಿರಬಹುದು. ಸಾಧನದ ಮೈಕ್ ಇರುವುದು ಕಿವಿಯ ಮೇಲ್ಭಾಗದ ಹಿಂಬದಿಯಲ್ಲಿ. ಹ್ಯಾಂಡ್‌ಸೆಟ್ಟಿನ ಕೇಳುವ ತುದಿಯನ್ನು ಕಿವಿಯ ರಂಧ್ರಕ್ಕೆ ಹಿಡಿಯದೆ ತುಸು ಮೇಲೆ, ಆ ಮೈಕಿನ ಬಳಿ, ಸ್ವಲ್ಪ ಓರೆಯಾಗಿ ಹಿಡಿದರೆ ಕೂಗು ನಿಲ್ಲುತ್ತದೆ, ಮಾತೂ ಸ್ಪಷ್ಟವಾಗುತ್ತದೆ. ಕೆಲವು ಸಾಧನಗಳಲ್ಲಿ ಟೆಲಿಫೋನಿಗೆಂದೇ 'ಟಿ' ಎಂಬ ಸ್ಥಾನವಿರುತ್ತದೆ, ಅದು ಕೆಲಸ ಮಾಡಬೇಕಾದರೆ ಹ್ಯಾಂಡ್‌ಸೆಟ್ಟೂ ಅದಕ್ಕೆ ಹೊಂದುವಂಥದ್ದಾಗಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಸಾಧನ ಹೊಂದಿಸಲು ಹೋಗುವಾಗ ಮನೆಯ ಹ್ಯಾಂಡ್‌ಸೆಟ್ ಎಂಥದೆಂದು ತಿಳಿಸಿದರೆ ಅವರು ಅದಕ್ಕೆ ತಕ್ಕ ಸಲಹೆ ಕೊಡಬಲ್ಲರು.

ಹುಬ್ಬಳ್ಳಿಯ ವ್ಯಾಪಾರಿ:

ನಾನು ಫೋನುಗಳನ್ನು ಮಾರುವವನು. ಹ್ಯಾಂಡ್‌ಸೆಟ್ಟನ್ನು ಸದಾ ಚಾರ್ಜ್ ಮಾಡುವ ತೊಟ್ಟಿಲಲ್ಲಿ ಇಟ್ಟರೆ ಬ್ಯಾಟರಿ ಬೇಗ ಹಾಳಾಗುತ್ತದೆ, ಪೂರ್ತಿ ಖಾಲಿಯಾಗುವವರೆಗೆ ಬಳಸಿ ಆಮೇಲೆ ಇಡಬೇಕೆಂದು ಗಿರಾಕಿಗಳಿಗೆ ಹೇಳುತ್ತಾ ಬಂದಿದ್ದೇನೆ. ಇದನ್ನೂ ಕಾಗದದಲ್ಲಿ ಬರೆಯಿರಿ.

ಮೈಸೂರಿನ ಮೇಷ್ಟ್ರು:

ವ್ಯಾಪಾರಿಗಳ ಮಾತು ಹಳೆಯ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲಕ್ಕೆ ಒಪ್ಪುತ್ತಿತ್ತು. ಈಗಿನ ಸೆಟ್‌ಗಳಲ್ಲಿ ಬರುವ ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗೆ ಆ ಕಟ್ಟುಪಾಡು ಬೇಡ. ಮಾತು ಮುಗಿದ ಮೇಲೆ ತೊಟ್ಟಿಲಲ್ಲಿ ಇಡುವುದೇ ಒಳ್ಳೆಯದು, ವಯಸ್ಸಾದವರ ಮನೆಯಲ್ಲಂತೂ ಹ್ಯಾಂಡ್‌ಸೆಟ್ ಎಲ್ಲಿದೆಯೆಂದು ಹುಡುಕುವ ಕೆಲಸವೂ ತಪ್ಪುತ್ತದೆ. ಹೊಸದಾಗಿ ತಂದಾಗ ಪುಸ್ತಿಕೆ ಹೇಳಿದಷ್ಟು ಹೊತ್ತು, ಅಂದರೆ ಹಲವು ಸೆಟ್‌ಗಳಲ್ಲಿ ಸುಮಾರು 7 ಗಂಟೆ, ಚಾರ್ಜ್ ಆಗಲು ಬಿಟ್ಟರೆ ಸಾಕು.

ಅಪಾಯ ಇರುವುದು ಬೇರೆ ಕಡೆ. ಈ ಬ್ಯಾಟರಿಗಳು ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನ ಅಳತೆಯಲ್ಲೇ ಇರುವುದರಿಂದ, ಹಳೆಯದು ಸೊರಗಿದಾಗ ಅಂಗಡಿಯಿಂದ ಸಾಮಾನ್ಯ ಸೆಲ್ ತಂದು ಹಾಕುವವರಿದ್ದಾರೆ. ಮರುಚಾರ್ಜ್ ಆಗದ ಸೆಲ್ಲನ್ನು ತೊಟ್ಟಿಲಲ್ಲಿಟ್ಟು ಚಾರ್ಜ್ ಮಾಡಿದರೆ ಅದು ಸೋರಬಹುದು, ಸಿಡಿಯಲೂಬಹುದು. 1.2 ವೋಲ್ಟಿನ, ಮರುಚಾರ್ಜ್ ಎಂದು ಸ್ಪಷ್ಟವಾಗಿ ಬರೆದಿರುವ ಎಎಎ ಸೆಲ್‌ಗಳನ್ನೇ ಜೋಡಿಯಾಗಿ ಬದಲಿಸಬೇಕು. ಅಡುಗೆಮನೆಯ ಹ್ಯಾಂಡ್‌ಸೆಟ್ಟಿನ ತಳದಲ್ಲಿರುವ ಲೋಹದ ಬಿಲ್ಲೆಗಳಿಗೆ ಒಗ್ಗರಣೆಯ ಜಿಡ್ಡು ಕೂತು ಚಾರ್ಜ್ ನಿಲ್ಲುವುದು ಸಾಮಾನ್ಯ. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸಲಿ.

ಸಾಗರದ ಸೊಸೆ:

ನಿಮ್ಮೆಲ್ಲರ ಸಲಹೆಗಳನ್ನು ಸೇರಿಸಿ ಕಾಗದ ಬರೆದು ಅಂಟಿಸಿದ್ದಾಯಿತು. ಮ್ಯೂಟ್ ಒತ್ತಿಕೊಂಡು ಬಸ್ಸಿನಿಂದ ಕೇಳಿದಾಗ ಅತ್ತೆಯವರ ಮಾತು ಇಡಿಯಾಗಿ ಬಂತು. ಅಡಿಕೆ ಕೊಯ್ಲಿನ ಆಳುಗಳ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ರಿಪೇರಿಯವರಿಗೆ ಹೊಸ ಸೆಟ್ ಬೇಡವೆಂದು ತಿಳಿಸಿದ್ದೇನೆ. ಇನ್ನೆರಡು ಪ್ರಶ್ನೆಗಳು ಉಳಿದಿವೆ. ಜಗಲಿಯಲ್ಲಿ ಯಾರಾದರೂ ಕುಳಿತಿರುವಾಗ ಸ್ಪೀಕರ್‌ನಲ್ಲಿ ಬಂದ ಕರೆಯನ್ನು ಥಟ್ಟನೆ ಖಾಸಗಿಯಾಗಿಸುವುದು ಹೇಗೆ? ಮಲಗುವ ಕೋಣೆಯ ಹ್ಯಾಂಡ್‌ಸೆಟ್ಟಿನ ಪರದೆಯಲ್ಲಿ ಆಗಾಗ ಬೇಸ್ ಸಿಗುತ್ತಿಲ್ಲವೆಂಬ ಸೂಚನೆ ಬರುತ್ತದೆ, ಅದಕ್ಕೆ ಏನು ಮಾಡುವುದು?

ನಿವೃತ್ತ ದೂರವಾಣಿ ನೌಕರ:

ಮೊದಲನೆಯದಕ್ಕೆ: ಬೇಸ್‌ನ ತೊಟ್ಟಿಲಲ್ಲಿಯೇ ಒಂದು ಹ್ಯಾಂಡ್‌ಸೆಟ್ ಇರುವಂತೆ ಜೋಡಿಸಿಕೊಳ್ಳಿ. ಸ್ಪೀಕರ್‌ನಲ್ಲಿ ಮಾತಾಡುತ್ತಿರುವಾಗ ಅದನ್ನು ಎತ್ತಿ ಮಾತಿನ ಗುಂಡಿ ಒತ್ತಿದರೆ ಹಲವು ಸೆಟ್‌ಗಳಲ್ಲಿ ಹ್ಯಾಂಡ್‌ಸೆಟ್ ಕರೆಗೆ ಸೇರಿಕೊಳ್ಳುತ್ತದೆ, ಆಮೇಲೆ ಬೇಸ್‌ನ ಸ್ಪೀಕರ್ ಗುಂಡಿ ಒತ್ತಿ ಅದನ್ನು ಮುಚ್ಚಬೇಕು. ಮುಚ್ಚುವುದನ್ನು ಮರೆತರೆ ಜಗಲಿಯವರೆಲ್ಲ ಕೇಳುತ್ತಲೇ ಇರುತ್ತಾರೆ. ಇಂಥ ಸೆಟ್ ಇರುವ ಮನೆಗೆ ಕರೆ ಮಾಡುವವರು ಹಣ, ಆರೋಗ್ಯ, ಮದುವೆ ಮಾತುಕತೆಗಳನ್ನು ಎತ್ತುವ ಮುನ್ನ "ಸ್ಪೀಕರ್‌ನಲ್ಲಿದ್ದೀರಾ ಅತ್ತೆ?" ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ಬೇಸ್‌ನಲ್ಲಿ ಎತ್ತಿದವರೂ ಪಕ್ಕದಲ್ಲಿ ಯಾರಿದ್ದಾರೆಂದು ಮೊದಲೇ ಹೇಳುವುದು ಮರ್ಯಾದೆ. ಬ್ಯಾಂಕಿನ ಹೆಸರು ಹೇಳಿಕೊಂಡು ಒಟಿಪಿ ಕೇಳುವವರ ಕರೆಯನ್ನು ಮಾತ್ರ ಸ್ಪೀಕರ್‌ನಲ್ಲೇ ಇಟ್ಟು ಎಲ್ಲರಿಗೂ ಕೇಳಿಸಿದರೆ ಒಳ್ಳೆಯದು!

ಎರಡನೆಯದಕ್ಕೆ: ಪೆಟ್ಟಿಗೆಯ ಮೇಲೆ ಮನೆಯೊಳಗೆ 50 ಮೀಟರ್, ಹೊರಗೆ 300 ಮೀಟರ್ ದೂರದವರೆಗೆ ಸಿಗುತ್ತದೆಂದು ಬರೆದಿದ್ದರೂ ಅದು ಅಡೆತಡೆಯಿಲ್ಲದ ಜಾಗದ ಲೆಕ್ಕ. ಮಲೆನಾಡಿನ ಹಳೆಯ ಮನೆಗಳ ದಪ್ಪ ಗೋಡೆಗಳು, ಕಬ್ಬಿಣದ ಬೀರು, ನೀರಿನ ಟ್ಯಾಂಕು ಇವೆಲ್ಲ ರೇಡಿಯೊ ಅಲೆಗಳನ್ನು ತಡೆಯುತ್ತವೆ. ಹ್ಯಾಂಡ್‌ಸೆಟ್ಟಿನ ತೊಟ್ಟಿಲನ್ನು ಬೀರುವಿನ ಪಕ್ಕದಿಂದ ತೆಗೆದು ಬಾಗಿಲಿನ ಕಡೆಯ ಗೋಡೆಗೆ ಇರಿಸಿ ನೋಡಿ. ಬೇಸ್‌ನ ಸಮೀಪ ತಂದಾಗಲೂ ಸೂಚನೆ ಹೋಗದಿದ್ದರೆ ಹ್ಯಾಂಡ್‌ಸೆಟ್ಟನ್ನು ಮತ್ತೆ ನೋಂದಾಯಿಸಬೇಕು. ಬೇಸ್‌ನ ಪೇಜ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಸ್ವರ ಕೇಳಿದ ಮೇಲೆ ಬಿಟ್ಟು, ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ರಿಜಿಸ್ಟರ್ ಆಯ್ದು, ಕೇಳಿದರೆ ಪಿನ್ ಒತ್ತಬೇಕು. ಬದಲಿಸದಿದ್ದರೆ ಅದು ಸಾಮಾನ್ಯವಾಗಿ 0000. ಹಲವು ಬೇಸ್‌ಗಳಿಗೆ 6 ಹ್ಯಾಂಡ್‌ಸೆಟ್ಟಿನವರೆಗೆ ಸೇರಿಸಬಹುದು. ಎಷ್ಟು ಸೇರಿಸಿದರೂ ಮೋಡೆಮ್ಮಿನ ಲೆಕ್ಕದಲ್ಲಿ ಅದು ಒಂದೇ ಫೋನ್ ಆದ್ದರಿಂದ ರಿಂಗ್ ಬಾರಿಸಲು ಅದು ಕೊಡಬೇಕಾದ ಶಕ್ತಿ ಹೆಚ್ಚುವುದಿಲ್ಲ. ಮಾವನವರಿಗೆ ಕೊಟ್ಟಿಗೆಯ ಕಡೆಗೊಂದು ಬೇಕೆನಿಸಿದರೆ ಅದೇ ಕಂಪನಿಯ, ಅದೇ ಬೇಸ್‌ಗೆ ಹೊಂದುವ ಹೆಚ್ಚುವರಿ ಹ್ಯಾಂಡ್‌ಸೆಟ್ ಕೊಂಡರೆ ಸಾಕು.